ನೀಲಿ ಬೀದಿಯ ನೀರಿನ ಹೆಸರು

ನಮ್ಮೂರಿನಲ್ಲಿ ಬೆಳಿಗ್ಗೆ ಎದ್ದವರು ನೀರು ಬಂತಾ ಎಂದು ಕೇಳುವುದಿಲ್ಲ, ತೆರೀತಾ ಎಂದು ಕೇಳುತ್ತಾರೆ. ಊರಿನ ನೀರೆಲ್ಲ ಇರುವುದು ಟ್ಯಾಂಕ್ ಮನೆಯ ಹಳೆಯ ಯಂತ್ರದ ಫೈಲುಗಳಲ್ಲಿ. ಒಂದು ಬೀದಿಗೆ ಒಂದು ಫೈಲು. ಫೈಲು ತೆರೆದರೆ ಆ ಬೀದಿಯ ನಲ್ಲಿಗಳು ಒಂದು ಸಲ ಕೆಮ್ಮಿ ನೀರು ಬಿಡುತ್ತವೆ, ಮುಚ್ಚಿದರೆ ನಿಲ್ಲಿಸುತ್ತವೆ. ಗಾಣಿಗರ ಬೀದಿಯ ನೀರಿಗೆ ತುಸು ಹಿಂಡಿಯ ವಾಸನೆ, ಕಂಚುಗಾರರ ಬೀದಿಯದಕ್ಕೆ ಒಗರು. ಬೇರೆ ಬೀದಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಹಬ್ಬಕ್ಕೆ ಬಂದಾಗ ಮೊದಲು ನಲ್ಲಿಗೆ ಬಾಯಿ ಕೊಟ್ಟು ಆಮೇಲೆ ತಾಯಿಯನ್ನು ಮಾತಾಡಿಸುತ್ತಾರೆ. ನೀರನ್ನು ಕಾಪಿ ಮಾಡಿ ಇಟ್ಟುಕೊಳ್ಳಬಹುದು. ಆದರೆ ಕಾಪಿ ನೀರು ಕುಡಿದರೆ ಗಂಟಲು ಒದ್ದೆಯಾಗುತ್ತದೆಯೇ ಹೊರತು ದಾಹ ಹೋಗುವುದಿಲ್ಲ. ಹಿಂದೆ ಒಬ್ಬ ಪುರಸಭೆ ಅಧ್ಯಕ್ಷರು ಅದನ್ನೇ ಊರಿಗೆ ಬಿಡಿಸಿ ಮುಂದಿನ ಚುನಾವಣೆಯಲ್ಲಿ ಠೇವಣಿ ಕಳೆದುಕೊಂಡರು.

ನೀರು ತನ್ನ ಬೀದಿಯನ್ನು ಹುಡುಕಿಕೊಳ್ಳುವುದು ಹೆಸರಿನಿಂದ. ಪ್ರತಿ ಬೀದಿಯ ತಲೆಯಲ್ಲಿ ಒಂದು ಕಲ್ಲು, ಕಲ್ಲಿನ ಮೇಲೆ ಹೆಸರು. ಫೈಲಿಗೂ ಅದೇ ಹೆಸರು. ಎರಡೂ ಒಂದೇ ಆಗಿದ್ದರೆ ನೀರು ಯಾರನ್ನೂ ಕೇಳದೆ ಮನೆಗೆ ಬರುವ ದನದ ಹಾಗೆ ಬರುತ್ತದೆ. ತೊಂದರೆ ಇದ್ದದ್ದು ಯಂತ್ರದಲ್ಲಿ. ಅದಕ್ಕೆ ನಮ್ಮೂರಿನ ಅಕ್ಷರಗಳು ಮಾತ್ರ ಗೊತ್ತು, ಬೇರೆ ಯಾವ ಜನರ ಅಕ್ಷರವೂ ಗೊತ್ತಿಲ್ಲ. ಗುಡ್ಡದ ಆಚೆಯಿಂದ ಬಣ್ಣ ಹಾಕುವ ಜನ ಬಂದು ಊರ ಅಂಚಿನಲ್ಲಿ ನೆಲೆ ನಿಂತಾಗ ತಮ್ಮ ಲಿಪಿಯಲ್ಲೇ ಕಲ್ಲು ಕೆತ್ತಿಸಿ ನೆಟ್ಟರು. ನಾವು ಅದನ್ನು ನೀಲಿ ಬೀದಿ ಎನ್ನುತ್ತೇವೆ. ಕಲ್ಲಿನ ಮೇಲಿರುವುದು ಬೇರೆ, ಗಂಟು ಇಳಿಸಿದ ಜಾಗ ಎಂಬಂಥ ಅರ್ಥದ ಒಂದು ಪುಟ್ಟ ಪದ. ಟ್ಯಾಂಕ್ ಮನೆಯ ಮೇಲ್ವಿಚಾರಕ ಗುರುಶಾಂತಪ್ಪನವರು ಆ ಹೆಸರನ್ನು ಯಂತ್ರಕ್ಕೆ ಕೊಡುವಾಗ, ಟ್ಯಾಂಕ್ ಮನೆಯ ಹಳೆಯ ಪದ್ಧತಿಯಂತೆ, ಯಂತ್ರಕ್ಕೆ ತಿಳಿಯದ ಒಂದೊಂದು ಅಕ್ಷರಕ್ಕೆ ಒಂದೊಂದು ಸೊನ್ನೆ ಹಾಕಿದರು. ಫೈಲಿನ ಹೆಸರು ಸೊನ್ನೆ ಸೊನ್ನೆ ಸೊನ್ನೆ ಆಯಿತು. ಸೊನ್ನೆ ಓದಿಕೊಂಡು ನೀರು ಎಲ್ಲಿಗೆ ಹೋಗಬೇಕು? ಹಾಗಾಗಿ ಆ ಒಂದು ಫೈಲನ್ನು ಮಾತ್ರ ಅವರು ತೆರೆದು, ಕೈಯಲ್ಲೇ ವಾಲ್ವ್ ತಿರುಗಿಸಿ, ನೀರನ್ನು ನೀಲಿ ಬೀದಿಯ ಕಡೆಗೆ ಹೊಡೆಯುತ್ತಿದ್ದರು. ಎಷ್ಟೋ ವರ್ಷ ಹೀಗೇ ನಡೆಯಿತು. ಅಂಥದ್ದು ಒಂದೇ ಬೀದಿ ಇದ್ದದ್ದರಿಂದ ಯಾರಿಗೂ ಏನೂ ಅನ್ನಿಸಲಿಲ್ಲ.

ನಾನು ಹಾಸ್ಟೆಲಿನಲ್ಲಿ ಓದಿ ಬೆಳೆದವಳು. ಹಳೆಯ ಯಂತ್ರಕ್ಕೆ ಜೋಡಿಸಲು ಟ್ಯಾಂಕ್ ಮನೆಗೆ ಹೊಸ ಕಂಪ್ಯೂಟರ್ ಬಂದಾಗ ಅದರ ಮುಂದೆ ಕೂರಲು ನನ್ನನ್ನು ಹಂಗಾಮಿಯಾಗಿ ತೆಗೆದುಕೊಂಡರು. ಊರಿನಲ್ಲಿ ರೂಮು ಹುಡುಕಿದೆ. ಹೆಸರು ಕೇಳಿದರು, ಅಪ್ಪನ ಹೆಸರು ಕೇಳಿದರು, ಅಪ್ಪನ ಮನೆ ಯಾವ ಕೇರಿಯಲ್ಲಿ ಎಂದು ಕೇಳಿದರು, ಆಮೇಲೆ ರೂಮು ಖಾಲಿ ಇಲ್ಲ ಎಂದರು. ನೀಲಿ ಬೀದಿಯ ಓರಾಯಕ್ಕ ಕೇಳಿದ್ದು ಒಂದೇ ಪ್ರಶ್ನೆ. "ಗೊರಕೆ ಹೊಡೀತೀಯೇನೆ ಕೂಸೆ?" ಇಲ್ಲ ಎಂದೆ. "ನಾನು ಹೊಡೀತೀನಿ. ಆಮೇಲೆ ಮುಖ ಸಿಂಡರಿಸ್ಬೇಡ" ಎಂದು ಚಾಪೆ ಕೊಟ್ಟಳು. ಉಪಕಾರ ಎಂಬ ಮಾತನ್ನು ನಾನು ಸುಲಭವಾಗಿ ಬಳಸುವವಳಲ್ಲ. ಹಾಸ್ಟೆಲಿನಲ್ಲಿ ದಾನಿಗಳು ಬಂದಾಗಲೆಲ್ಲ ಸಾಲಾಗಿ ನಿಂತು ಚಪ್ಪಾಳೆ ಹೊಡೆದು ಅದರ ರುಚಿ ಕೆಟ್ಟಿತ್ತು. ಓರಾಯಕ್ಕನ ಮನೆಯಲ್ಲಿ ಚಪ್ಪಾಳೆ ಹೊಡೆಯುವ ಅಗತ್ಯ ಇರಲಿಲ್ಲ. ಊಟ ಆದಮೇಲೆ ತಟ್ಟೆ ತೊಳೆಯದಿದ್ದರೆ ಬೈಯುತ್ತಿದ್ದಳು, ಅಷ್ಟೆ.

ನೀಲಿ ಬೀದಿಯ ಬದುಕು ನಡೆಯುವುದು ಆ ಬೀದಿಯ ನೀರಿನಿಂದಲೇ. ಗುಡ್ಡದ ಆಚೆ ಅವರಿಗೊಂದು ಊಟೆ ಇತ್ತು, ನೆಲದಿಂದ ತಾನಾಗಿ ಜಿನುಗುವ ನೀರು. ಅಲ್ಲಿ ಗಣಿ ಬಂದು ಹೊರಡಬೇಕಾದಾಗ ಆ ಊಟೆಯ ನೀರನ್ನು ಕೊಡಗಳಲ್ಲಿ ಹೊತ್ತು ತಂದು ಟ್ಯಾಂಕ್ ಮನೆಯ ಯಂತ್ರದ ಬಾಯಿಗೆ ಸುರಿದಿದ್ದರು. ಸುರಿದ ನೀರು ಫೈಲಿನಲ್ಲಿ ಬೆಳೆದುಕೊಂಡಿತು, ಎಲ್ಲ ಬೀದಿಯ ನೀರೂ ಬೆಳೆಯುವ ಹಾಗೆ. ಅವರ ನೀಲಿ ಬಣ್ಣ ಬಟ್ಟೆಗೆ ಹಿಡಿಯುವುದು ಆ ನೀರಿನಲ್ಲಿ ಮಾತ್ರ. ಊಟೆ ಇದ್ದ ಜಾಗದಲ್ಲಿ ಈಗ ದೊಡ್ಡ ಗುಂಡಿ.

ಹೋದ ಬೇಸಿಗೆಗೆ ಮುಂಚೆ ಸಮುದ್ರದ ಕಡೆಯಿಂದ ಇನ್ನೊಂದಷ್ಟು ಮನೆಯವರು ಬಂದರು. ಕಡಲು ಅವರ ಊರನ್ನು ತಿಂದಿತ್ತು. ಉಪ್ಪಿನ ವ್ಯಾಪಾರದವರು, ಅವರ ಹಿರಿಯ ದೂಮಣ್ಣ ಎಂಬಾತ. ಬಂದು ಎಷ್ಟೋ ಕಾಲ ಕಂಡವರ ಬೀದಿಯ ನಲ್ಲಿಯಲ್ಲಿ ಕೊಡ ಹಿಡಿದು ನಿಂತು, ಬೈಸಿಕೊಂಡು, ಕೊನೆಗೆ ಪುರಸಭೆ ಅವರಿಗೂ ಒಂದು ಬೀದಿ ಕೊಟ್ಟಿತು. ಅವರೂ ತಮ್ಮ ಲಿಪಿಯಲ್ಲೇ ಕಲ್ಲು ನೆಟ್ಟರು. ತಮಟೆ ಬಾರಿಸಿಕೊಂಡು, ಬೆಲ್ಲ ಹಂಚಿಕೊಂಡು, ತಮ್ಮ ಹಳೆಯ ಬಾವಿಯಿಂದ ಸೇದಿ ತಂದಿದ್ದ ಕಡೆಯ ಕೊಡವನ್ನು ಯಂತ್ರದ ಬಾಯಿಗೆ ಸುರಿದರು. ಗುರುಶಾಂತಪ್ಪನವರು ಕಲ್ಲು ನೋಡಿಕೊಂಡು ಬಂದು ಹೆಸರು ಕೊಟ್ಟರು. ಯಂತ್ರ ಏನೋ ಕೇಳಿತು. ಅವರು ಹೌದು ಒತ್ತಿದರು.

ಇದನ್ನು ಸ್ವಲ್ಪ ಹೇಳಬೇಕು. ಯಂತ್ರಕ್ಕೆ ಎರಡು ದೊಡ್ಡ ಗುಂಡಿಗಳಿವೆ, ಹೌದು ಮತ್ತು ಬೇಡ. ಹೌದು ಎಂಬ ಗುಂಡಿ ತಿಕ್ಕಿ ತಿಕ್ಕಿ ಬೋಳಾಗಿದೆ. ಬೇಡ ಎಂಬುದು ಕಾರ್ಖಾನೆಯಿಂದ ಬಂದ ದಿನದ ಹಾಗೆ ಹೊಳೆಯುತ್ತದೆ. ಯಂತ್ರ ಬಂದಾಗಿನಿಂದ ಅದನ್ನು ಯಾರೂ ಒತ್ತಿರಲಿಲ್ಲ. ದೀಪ ಆರಿಸು ಅನ್ನದೆ ದೊಡ್ಡದು ಮಾಡು ಅನ್ನುವ ಜನ ನಮ್ಮವರು. ನೀರು ಇರುವ ಮನೆಯಲ್ಲಿ ನೀರಿನ ಎದುರಿಗೇ ಬೇಡ ಅನ್ನುತ್ತಾರೆಯೇ? ಯಂತ್ರ ಏನು ಕೇಳಿದರೂ ಹೌದು. ಉತ್ತರ ಮೊದಲೇ ಗೊತ್ತಿರುವುದರಿಂದ ಪ್ರಶ್ನೆಯನ್ನು ಓದುವವರೂ ಇರಲಿಲ್ಲ. ಅವತ್ತು ಯಂತ್ರ ಕೇಳಿದ್ದು ಇಷ್ಟು: ಈ ಹೆಸರಿನ ನೀರು ಆಗಲೇ ಇದೆ, ಅದರ ಮೇಲೆ ಬರೆಯಲೇ? ಉಪ್ಪಿನವರ ಕಲ್ಲಿನ ಹೆಸರೂ ಯಂತ್ರದ ಕಣ್ಣಿಗೆ ಮೂರು ಸೊನ್ನೆಯೇ ಆಗಿತ್ತು.

ಮಾರನೆಯ ಬೆಳಿಗ್ಗೆ ಗುರುಶಾಂತಪ್ಪನವರು ಎಂದಿನಂತೆ ಸೊನ್ನೆಯ ಫೈಲು ತೆರೆದು ಎರಡೂ ಬೀದಿಗಳ ಕಡೆಗೆ ವಾಲ್ವ್ ತಿರುಗಿಸಿದರು. ನೀಲಿ ಬೀದಿಯ ನಲ್ಲಿ ಕೆಮ್ಮಿತು, ನೀರೂ ಬಂತು. ಓರಾಯಕ್ಕ ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡವಳು ಉಗುಳಿದಳು. "ಇದು ನಮ್ದಲ್ಲ." ನಾನೂ ಕುಡಿದೆ. ನಾಲಗೆಯ ತುದಿಯಲ್ಲಿ ಉಪ್ಪು. ಅಷ್ಟರಲ್ಲಿ ಪಕ್ಕದ ಮನೆಯವರು ಬಣ್ಣದ ತೊಟ್ಟಿಗೆ ಒಂದು ಕೊಡ ಸುರಿದೂ ಆಗಿತ್ತು. ಅದರಲ್ಲಿ ಅದ್ದಿ ತೆಗೆದ ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿ ಹಾಗೇ ನಿಂತಿತು. ಬೀದಿಯ ಹೆಂಗಸರು ಆ ಬಟ್ಟೆಯ ಸುತ್ತ ನಿಂತು, ಸತ್ತವರ ಮನೆಯಲ್ಲಿ ಮಾತಾಡುವ ಹಾಗೆ ಮೆಲ್ಲಗೆ ಮಾತಾಡಿದರು.

ಗುರುಶಾಂತಪ್ಪನವರಿಗೆ ಆದದ್ದೇನೆಂದು ಯಂತ್ರದ ದಾಖಲೆಯನ್ನು ನಾನೇ ಓದಿ ಹೇಳಿದೆ. ಅವರು ಕುರ್ಚಿಯಲ್ಲಿ ಕೂತರು, ಎದ್ದರು, ಮತ್ತೆ ಕೂತರು. ಅಷ್ಟು ಹೊತ್ತಿಗೆ ಸುದ್ದಿ ಮುಟ್ಟಿ ಪುರಸಭೆಯಿಂದ ಒಬ್ಬ ಅಧಿಕಾರಿ ಬಂದ. ಅವನ ಪ್ರಕಾರ ಇದು ಬಹಳ ಸುಲಭದ ಸಂಗತಿ: ನೀಲಿ ಬೀದಿಯವರು ಕಲ್ಲು ಕಿತ್ತು ನಮ್ಮ ಅಕ್ಷರದಲ್ಲಿ ಹೊಸ ಬಡಾವಣೆ ಎಂದು ಬರೆಸಲಿ, ಊರ ನೀರಿನಲ್ಲೇ ಒಂದು ಪಾಲು ಕೊಡೋಣ.

"ಕೊಡ್ರಿ ಸ್ವಾಮಿ, ಕುಡೀತೀವಿ" ಎಂದಳು ಓರಾಯಕ್ಕ. "ಕಲ್ಲಿಗೆ ನಮ್ದೇನೂ ಹಟ ಇಲ್ಲ. ಆದ್ರೆ ನಿಮ್ಮ ನೀರಲ್ಲಿ ಬಣ್ಣ ಹಿಡಿಯಲ್ಲ. ಬಣ್ಣ ಹಿಡೀದಿದ್ರೆ ಇಲ್ಲಿ ಕೂತ್ಕೊಂಡು ನಿಮ್ಮ ಮುಖ ನೋಡ್ಬೇಕಾ? ಗಂಟು ಕಟ್ತೀವಿ ಅಷ್ಟೆ."

ಅವಳು ಹೆದರಿಸಲು ಹೇಳಿದ ಮಾತಲ್ಲ ಅದು. ಗುಡ್ಡದಿಂದ ಗಂಟು ಕಟ್ಟಿಕೊಂಡು ಬಂದ ಜನ. ಆ ಮಧ್ಯಾಹ್ನವೇ ಬೀದಿಯಲ್ಲಿ ಇಬ್ಬರು ತೊಟ್ಟಿಗಳನ್ನು ಬೋರಲು ಹಾಕಿದ್ದನ್ನು ನೋಡಿದೆ.

ನನಗೆ ಗೊತ್ತಿದ್ದದ್ದು ಇಷ್ಟೆ. ಅಳಿಸಿದ ನೀರು ತಕ್ಷಣ ಹೋಗುವುದಿಲ್ಲ. ಹೊಸ ನೀರಿನ ಅಡಿಯಲ್ಲಿ ಹೆಸರಿಲ್ಲದೆ ಬಿದ್ದಿರುತ್ತದೆ. ಹೊಸ ಫೈಲನ್ನು ತೆರೆದಾಗಲೆಲ್ಲ ಯಂತ್ರ ಅದರ ಮೇಲೆ ಒಂದಿಷ್ಟು ಬರೆಯುತ್ತದೆ; ಬರೆಯುತ್ತಾ ಬರೆಯುತ್ತಾ ಹಳೆಯದು ಪೂರ್ತಿ ಹೋಗುತ್ತದೆ. ಹಾಗಾಗಿ ನಾನು ಕೆಲಸ ಮುಗಿಸುವವರೆಗೆ ಮೂರು ಸೊನ್ನೆಯ ಫೈಲನ್ನು ಯಾರೂ ತೆರೆಯಬಾರದು. ಅಂದರೆ ಉಪ್ಪಿನ ಬೀದಿಗೆ ನೀರು ಕೊಡಬಾರದು. ಸ್ವಂತ ನಲ್ಲಿ ಬಂದು ಒಂದು ದಿನವೂ ತುಂಬದವರ ಹತ್ತಿರ ಹೋಗಿ ಮುಚ್ಚಿಕೊಳ್ಳಿ ಎನ್ನಬೇಕು.

ಓರಾಯಕ್ಕ, ಗುರುಶಾಂತಪ್ಪನವರು, ನಾನು ಮೂವರೂ ಹೋದೆವು. ಬೀದಿಯಲ್ಲಿ ಮಕ್ಕಳು ನಲ್ಲಿಯ ಕೆಳಗೆ ಕುಣಿಯುತ್ತಿದ್ದವು. ದೂಮಣ್ಣ ಜಗಲಿಯ ಮೇಲೆ ಕೂತು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ.

"ಬನ್ನಿ ಬನ್ನಿ. ನಮ್ಮ ನೀರು ಕುಡಿಯಲಿಕ್ಕೆ ಬಂದದ್ದಾ? ಊರಿನವರು ನಮ್ಮ ಮನೆಗೆ ಬರುವುದು ಇದೇ ಮೊದಲು ಮಾರಾಯ್ರೆ."

ಬಂದ ಕಾರಣ ಹೇಳಿದೆ. ಅವನು ಎಣ್ಣೆಯ ಕೈಯನ್ನು ಮೊಣಕಾಲಿಗೆ ಒರೆಸಿಕೊಂಡ.

"ಅಲ್ಲ, ತಪ್ಪು ಯಾರದು?"

"ನಂದು" ಎಂದರು ಗುರುಶಾಂತಪ್ಪನವರು. "ಹೌದು ಒತ್ತಿದವನು ನಾನು."

"ಹಾಗಾದ್ರೆ ನಿಮ್ಮ ಮನೆ ನಲ್ಲಿ ಮುಚ್ಚಿ. ನಮ್ಮದು ಯಾಕೆ?" ಸುತ್ತ ಸೇರಿದ್ದವರು ನಕ್ಕರು. ಅವನು ನಗಲಿಲ್ಲ, ನನ್ನ ಕಡೆ ತಿರುಗಿದ. "ನೀನು ಹೇಳು. ಅವರ ನೀರು ಎತ್ತುವಾಗ ನಮ್ಮದು ಹೋಗುವ ಭಯ ಉಂಟಾ?"

"ಉಂಟು" ಎಂದೆ.

"ಇಲ್ಲ ಅಂತ ಹೇಳಬಹುದಿತ್ತು."

"ಹೇಳಬಹುದಿತ್ತು."

"ನಮ್ಮ ಬಾವಿ ಈಗ ಕಡಲಿನ ಒಳಗೆ ಉಂಟು ಹುಡುಗಿ. ಅದು ಕಡೇ ಕೊಡ."

ಓರಾಯಕ್ಕ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಬೂದಿ ಬಣ್ಣದ ಬಟ್ಟೆಯನ್ನು ತೆಗೆದು ಜಗಲಿಯ ಮೇಲೆ ಹರಡಿದಳು. "ನಿಮ್ಮ ನೀರಲ್ಲಿ ಅದ್ದಿದ್ದು. ನಿಮ್ಮ ನೀರಿನ ತಪ್ಪಲ್ಲ. ನಮ್ದು ಹುಡುಕಿ ಸಿಗದಿದ್ರೆ ನಮ್ಮ ದಾರಿ ನಾವು ನೋಡ್ಕೊಳ್ತೀವಿ. ಹುಡುಕಕ್ಕೆ ಬಿಡಿ ಅಂತ ಕೇಳಕ್ಕೆ ಬಂದೆ."

ದೂಮಣ್ಣ ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ ನೋಡುತ್ತಾ ಕೂತ. ಯಾರೋ ಹಿಂದಿನಿಂದ, ಆಗುವುದಿಲ್ಲ ಅಂತ ಹೇಳಿ ಕಳಿಸಿ ಎಂದರು. ಇನ್ನೊಬ್ಬ, ಇಷ್ಟು ದಿನ ನಾವು ಕೊಡ ಹಿಡಿದು ನಿಂತಾಗ ಯಾರು ಬಂದರು ಎಂದ. ಆಗ ಒಳಗಿನ ಕತ್ತಲೆ ಕೋಣೆಯಿಂದ ಹೆಣ್ಣಿನ ದನಿ ಬಂತು. ದೂಮಣ್ಣನ ಸೊಸೆ ಸುಗಂದಿ, ಹಸಿ ಬಾಣಂತಿ.

"ಮಾವಾ, ನಾವು ಕಂಡವರ ನಲ್ಲಿಯಲ್ಲಿ ಹಿಡಿಯುವಾಗ ಬೈಯದೆ ಇದ್ದದ್ದು ನೀಲಿ ಬೀದಿಯವರು ಮಾತ್ರ. ನಾನು ಬಸುರಿ ಅಂತ ಆ ಅಕ್ಕ ಕೊಡ ಎತ್ತಿ ಕೊಟ್ಟಿದ್ದಾರೆ. ಕಟ್ಟಿಬಿಡಿ ನಲ್ಲಿ."

"ನಿನಗೆ, ಮಗುವಿಗೆ ಬಿಸಿನೀರು?"

"ಗಾಣಿಗರ ಬೀದಿಯಿಂದ ತನ್ನಿ. ಹಿಂಡಿ ವಾಸನೆ ಬಂದರೆ ಮಗು ಏನು ಸಾಯುವುದಿಲ್ಲ, ಹೆಚ್ಚೆಂದರೆ ಎಮ್ಮೆ ಬಂದು ನೆಕ್ಕೀತು."

ಜಗಲಿಯ ಮೇಲಿದ್ದವರಿಗೆ ನಗು ತಡೆಯಲಾಗಲಿಲ್ಲ. ದೂಮಣ್ಣ ಎದ್ದು ಒಳಗಿನಿಂದ ತೆಂಗಿನ ನಾರಿನ ಹಗ್ಗ ತಂದು ಮೊದಲು ತನ್ನ ಮನೆಯ ನಲ್ಲಿಯನ್ನು, ದೋಣಿ ಕಟ್ಟುವ ಗಂಟು ಹಾಕಿ ಬಿಗಿದ. ಆಮೇಲೆ ಮನೆಯಿಂದ ಮನೆಗೆ ಹೋದ. ಕೆಲವರು ಗೊಣಗಿದರು. ಎಲ್ಲರೂ ಕಟ್ಟಿಸಿಕೊಂಡರು. ನಲ್ಲಿಯ ಕೆಳಗೆ ಕುಣಿಯುತ್ತಿದ್ದ ಮಕ್ಕಳು ಒದ್ದೆ ಮೈಯಲ್ಲಿ ನಿಂತು ನನ್ನನ್ನು ದುರುಗುಟ್ಟಿ ನೋಡಿದವು.

ನಾನು ಟ್ಯಾಂಕ್ ಮನೆಗೆ ಬಂದು ಕೂತೆ. ನೀರನ್ನು ಎತ್ತುವ ದಾರಿ ಇತ್ತು. ಎತ್ತಿದ ಮೇಲೆ ಅದಕ್ಕೆ ಏನು ಹೆಸರು ಕೊಡುವುದು ಎಂಬುದೇ ಸಮಸ್ಯೆ. ಮತ್ತೆ ಸೊನ್ನೆ ಹಾಕಿದರೆ ಇವತ್ತಲ್ಲ ನಾಳೆ ಮೂರನೆಯ ಬೀದಿ ಬಂದು ಇದೇ ಹಾಡು. ಹೊಸ ಕಂಪ್ಯೂಟರಿಗೆ ಲೋಕದ ಎಲ್ಲ ಅಕ್ಷರಗಳೂ ಗೊತ್ತು, ಪ್ರತಿ ಅಕ್ಷರಕ್ಕೂ ಅದರಲ್ಲಿ ಒಂದು ಅಂಕಿ ಇದೆ. ಗುಡ್ಡದವರ ಅಕ್ಷರಕ್ಕೂ ಇತ್ತು, ಕಡಲಿನವರ ಅಕ್ಷರಕ್ಕೂ ಇತ್ತು. ಹಳೆಯ ಯಂತ್ರಕ್ಕೆ ಅಕ್ಷರ ತಿಳಿಯದಿದ್ದರೆ ಹಾಳಾಗಲಿ, ಅಂಕಿ ತಿಳಿಯುತ್ತದಲ್ಲ. ತಿಳಿಯದ್ದನ್ನು ಅಳಿಸುವ ಬದಲು ಅದರ ಅಂಕಿಯನ್ನು ಬರೆದಿಟ್ಟರೆ, ನೀರು ಹೊರಡುವಾಗ ಆ ಅಂಕಿಯಿಂದಲೇ ಮತ್ತೆ ಅಕ್ಷರ ಮಾಡಿಕೊಂಡು ಕಲ್ಲನ್ನು ಹುಡುಕಬಹುದು. ಹೋದ ದಾರಿಯಲ್ಲೇ ಹಿಂದಕ್ಕೆ ಬರಲು ಆಗಬೇಕು, ಅಷ್ಟೆ. ಇದನ್ನು ಮಾಡುವ ಒಂದು ಪ್ರೋಗ್ರಾಂ ಬರೆದೆ. ಆದರೆ ಇದು ಬರಿಯ ಅಂಕಿಯಲ್ಲ, ಅಕ್ಷರದ ಬದಲಿಗೆ ನಿಂತ ಅಂಕಿ ಎಂದು ಯಂತ್ರಕ್ಕೆ ತಿಳಿಯಲು ಮುಂದೆ ಒಂದು ಗುರುತು ಬೇಕಾಯಿತು. ಯಾವ ಬೀದಿಯ ಹೆಸರಿನಲ್ಲೂ ಬಾರದ ಗುರುತು.

"ೞ ಹಾಕು" ಎಂದರು ಗುರುಶಾಂತಪ್ಪನವರು. "ಯಂತ್ರದಲ್ಲಿ ಇದೆ ಅದು. ನಮ್ಮ ತಾತನ ತಾತನ ಕಾಲಕ್ಕೇ ಬಿಟ್ಟೋಗಿದೆ, ಒಂದು ಕಲ್ಲಲ್ಲೂ ಇಲ್ಲ."

"ಕೆಲ್ಸ ಇಲ್ದೆ ಕೂತಿತ್ತು ಅನ್ನಿ."

"ನಿನ್ನ ಹಾಗೆ ಹಂಗಾಮಿ ಕೆಲ್ಸ ಸಿಕ್ತು ಬಿಡು ಅದಕ್ಕೆ."

ಅವತ್ತು ಅವರು ನಕ್ಕದ್ದು ಅದೊಂದೇ ಸಲ. ಊಟಕ್ಕೂ ಮನೆಗೆ ಹೋಗಲಿಲ್ಲ. ನಾನು ಬರೆದದ್ದನ್ನು ಕೂತು ಓದಿದರು, ಎಲ್ಲ ಬೀದಿಗಳ ಹೆಸರನ್ನೂ ಒಂದೊಂದಾಗಿ ಅದರೊಳಗೆ ಕಳಿಸಿ ವಾಪಸು ತರಿಸಿ ಕಲ್ಲಿನ ಹೆಸರೇ ಬಂತೇ ಎಂದು ನೋಡಿದರು. ಕಂಚುಗಾರರ ಬೀದಿಯ ಹೆಸರಿನಲ್ಲಿ ನಾನು ಮಾಡಿದ್ದ ಒಂದು ತಪ್ಪನ್ನೂ ಹಿಡಿದರು. ಕಂಡೂ ಕಾಣದ ಹಾಗೆ ಬಿಡಬಹುದಿತ್ತು, ಬಿಡಲಿಲ್ಲ.

ಮಾರನೆಯ ದಿನ ನಡುಮಧ್ಯಾಹ್ನ ನೀರು ಎತ್ತಲು ಕೂತೆವು. ಹೆಸರು ಬದಲಿಸುವುದೂ ಯಂತ್ರದ ಲೆಕ್ಕದಲ್ಲಿ ಬರೆಯುವುದೇ ಆದ್ದರಿಂದ ಉಪ್ಪಿನ ಬೀದಿಯ ಫೈಲನ್ನು ಮೊದಲು ಮುಟ್ಟುವ ಹಾಗಿರಲಿಲ್ಲ. ಮೊದಲು ಅಡಿಯಲ್ಲಿರುವ ನೀರನ್ನು ಎತ್ತಬೇಕು. ಓರಾಯಕ್ಕ ಬಾಗಿಲಲ್ಲಿ ಕೂತಿದ್ದಳು. ಯಂತ್ರ ಗುಡುಗುಡು ಅಂದು ತಡಕಾಡಿತು. ನೆಲದ ಕೆಳಗೆಲ್ಲೋ ಊಟೆ ಜಿನುಗುವ ಸದ್ದು ಕೇಳಿ ಓರಾಯಕ್ಕ ಎದ್ದು ನಿಂತಳು. ಎತ್ತಿದ ನೀರಿಗೆ ಯಂತ್ರ ಹಳೆಯ ಮೂರು ಸೊನ್ನೆಯನ್ನೇ ಹಾಕಲು ಹೊರಟಿತು, ತೆರೆಯ ಮೇಲೆ ಅದೇ ಪ್ರಶ್ನೆ ಮೂಡಿತು. ಈ ಹೆಸರಿನ ನೀರು ಆಗಲೇ ಇದೆ, ಅದರ ಮೇಲೆ ಬರೆಯಲೇ?

ಹೌದು ಎಂದರೆ ಓರಾಯಕ್ಕನ ನೀರು ಮೇಲೆ ಬರುತ್ತದೆ, ದೂಮಣ್ಣನ ಕಡೇ ಕೊಡ ಹೋಗುತ್ತದೆ. ನಾನು ಬೇಡ ಎಂಬ ಗುಂಡಿಗೆ ಬೆರಳು ಚಾಚಿದೆ. ಗುರುಶಾಂತಪ್ಪನವರು ನನ್ನ ಮಣಿಕಟ್ಟು ಹಿಡಿದುಕೊಂಡರು. ತಡೆಯುತ್ತಿದ್ದಾರೆ ಎಂದುಕೊಂಡು ನನಗೆ ಸಿಟ್ಟೇ ಬಂತು. ಇವರೂ ಇಷ್ಟೇನೆ ಎನ್ನಿಸಿತು.

"ನೀನು ಒತ್ತಬೇಡ ಹೊನ್ನಿ" ಎಂದರು. "ನೀರಿಗೆ ಬೇಡ ಅಂದೋರಿಗೆ ಏನಾಗುತ್ತೋ ಯಾರಿಗೂ ಗೊತ್ತಿಲ್ಲ. ಆಗೋದಾದ್ರೆ ನನಗೆ ಆಗ್ಲಿ. ನೀನು ಇನ್ನೂ ತುಂಬಾ ವರ್ಷ ನೀರು ಕುಡೀಬೇಕಾದೋಳು."

"ಸಾರ್, ಏನೂ ಆಗಲ್ಲ."

"ಆಗಲ್ಲ ಅಂದ್ಮೇಲೆ ನಾನು ಒತ್ತಿದ್ರೆ ನಿನಗೇನು ನಷ್ಟ?"

ಚಪ್ಪಲಿ ಬಿಟ್ಟರು. ಕಣ್ಣು ಮುಚ್ಚಿಕೊಂಡು ತುಟಿಯಲ್ಲೇ ಏನೋ ಅಂದುಕೊಂಡು ಬೇಡ ಒತ್ತಿದರು. ಗುಂಡಿ ಬಿಗಿಯಾಗಿತ್ತು, ಎರಡನೆಯ ಸಲ ಹೆಬ್ಬೆರಳಿನ ಮೇಲೆ ಭಾರ ಬಿಟ್ಟು ಒತ್ತಬೇಕಾಯಿತು. ಯಂತ್ರ ಸುಮ್ಮನಾಯಿತು. ಅವರು ಕಣ್ಣು ತೆರೆಯಲಿಲ್ಲ. ಆಮೇಲೆ ತೆರೆಯ ಮೇಲೆ ಅದು ಬಹಳ ಸಾಧುವಾಗಿ ಕೇಳಿತು: ಹಾಗಾದರೆ ಬೇರೆ ಹೆಸರು ಕೊಡಿ.

ಅಷ್ಟೇ ಇತ್ತು ಅದರ ಕೋಪ. ನಾನು ಹೊಸ ಕಂಪ್ಯೂಟರಿನಲ್ಲಿ ನೀಲಿ ಬೀದಿಯ ಹೆಸರನ್ನು ಕಲ್ಲಿನ ಮೇಲೆ ಇದ್ದ ಹಾಗೇ ಬರೆದೆ. ಅದು ೞಗಳೂ ಅಂಕಿಗಳೂ ಆಗಿ ಯಂತ್ರದೊಳಗೆ ಹೋಯಿತು. ನೀರು ಎದ್ದಿತು. ವಾಲ್ವ್ ತಿರುಗಿಸಲು ಎದ್ದ ಗುರುಶಾಂತಪ್ಪನವರು ಅರ್ಧಕ್ಕೇ ನಿಂತರು. ಯಾರೂ ಮುಟ್ಟದ ವಾಲ್ವ್ ತಾನೇ ತಿರುಗುತ್ತಿತ್ತು. ಇಷ್ಟು ವರ್ಷ ಆದಮೇಲೆ ಆ ನೀರು ತನ್ನ ಹೆಸರನ್ನು ತಾನೇ ಓದಿಕೊಂಡು ಹೊರಟಿತ್ತು. ಅದರ ಹಿಂದೆಯೇ ಉಪ್ಪಿನ ಬೀದಿಯ ಫೈಲಿಗೂ ಅವರ ಕಲ್ಲಿನ ಹೆಸರನ್ನೇ ಕೊಟ್ಟೆ.

ನಾನು ಓಡಿದ್ದು ಉಪ್ಪಿನ ಬೀದಿಗೆ. "ಆಯ್ತು ದೂಮಣ್ಣ, ಬಿಚ್ಚಿ."

"ಅವರ ಬಟ್ಟೆ ನೀಲಿ ಆಯ್ತಾ?"

"ತೊಟ್ಟಿಗೆ ನೀರು ಕೂಡಿಸ್ತಾ ಇದ್ದಾರೆ. ನಾಳೆ ಅದ್ದುತ್ತಾರೆ."

"ಹಾಗಾದ್ರೆ ನಾಳೆ ಬಾ."

"ಇನ್ನೇನೂ ತೊಂದರೆ ಇಲ್ಲ..."

"ನೀಲಿ ಆಗದಿದ್ರೆ ನೀನು ಮತ್ತೆ ಹುಡುಕಬೇಕಲ್ಲ? ನಾವು ತೆರೆದು ಕೂತ ಮೇಲೆ ಅಡಿಯಲ್ಲಿ ಎಂತ ಸಿಗ್ತದೆ, ನಿನ್ನ ತಲೆಯಾ? ಹೋಗು, ನಾಳೆ ಬಾ."

ಆ ದಿನ ಬಿಸಿಲು ಕೆಟ್ಟದಾಗಿತ್ತು. ಅವರ ಹೆಂಗಸರು ಗಾಣಿಗರ ಬೀದಿಯಿಂದ ಕೊಡ ಹೊತ್ತು ತರುವುದನ್ನು ನೋಡುತ್ತಾ ಬಂದೆ. ಹಾಸ್ಟೆಲಿನ ಲೈಬ್ರರಿಯಲ್ಲಿ ಮನುಷ್ಯರ ಕೆಟ್ಟತನದ ಬಗ್ಗೆ ಸಾಕಷ್ಟು ಓದಿದ್ದೆ. ಇದಕ್ಕೆ ಮಾತ್ರ ನನ್ನ ಬಳಿ ತಯಾರಿ ಇರಲಿಲ್ಲ.

ಬೆಳಿಗ್ಗೆ ಓರಾಯಕ್ಕ ತೊಟ್ಟಿಯಿಂದ ಬಟ್ಟೆ ಎತ್ತಿದಳು. ಎತ್ತಿದಾಗ ಅದು ಹಸಿರು. ಗಾಳಿಗೆ ಹಿಡಿದಳು. ಇಡೀ ಬೀದಿ ಸುತ್ತ ನಿಂತಿತ್ತು. ಅಂಚಿನಿಂದ ಶುರುವಾಗಿ ನಡುವಿನ ಕಡೆಗೆ ಹಸಿರು ಸರಿಯುತ್ತಾ ಸರಿಯುತ್ತಾ ನೀಲಿ ತುಂಬಿಕೊಂಡಿತು. ಯಾರೂ ಕೂಗಲಿಲ್ಲ, ಕುಣಿಯಲಿಲ್ಲ. ಬೋರಲು ಹಾಕಿದ್ದ ತೊಟ್ಟಿಗಳನ್ನು ಮತ್ತೆ ನೆಟ್ಟಗೆ ನಿಲ್ಲಿಸುವ ಸದ್ದು ಕೇಳಿತು. ಓರಾಯಕ್ಕ ಬಟ್ಟೆಯನ್ನು ಹಿಂಡಿ ನನ್ನ ಹೆಗಲಿಗೆ ಎಸೆದಳು. "ಕೊಟ್ಟು ಬಾರೆ ಕೂಸೆ. ಮಗೂಗೆ ಸುತ್ತಕ್ಕೆ ಆಗುತ್ತೆ. ಬಣ್ಣ ಬಿಡುತ್ತೆ ಅಂತ ಹೇಳು, ಮೊದಲು ಎರಡು ಸಲ ಒಗೀಲಿ."

ದೂಮಣ್ಣನ ಬೀದಿಯಲ್ಲಿ ಜನ ಜಗಲಿಗಳ ಮೇಲೆ ಕಾಯುತ್ತಿದ್ದರು. ಒದ್ದೆ ಬಟ್ಟೆ ನನ್ನ ಬಿಳಿ ರವಿಕೆಯ ಮೇಲೆಲ್ಲ ನೀಲಿ ಇಳಿಸಿತ್ತು. ದೂಮಣ್ಣ ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿ, ಒಳಗೆ ಸುಗಂದಿಗೆ ಕೊಟ್ಟು ಕಳಿಸಿ, ತನ್ನ ನಲ್ಲಿಯ ಹಗ್ಗ ಬಿಚ್ಚಿದ. ನಲ್ಲಿ ಕೆಮ್ಮಿತು. ಅವನು ಒಂದು ಲೋಟ ಹಿಡಿದ. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಅವನು ತಾನು ಕುಡಿಯದೆ ಲೋಟವನ್ನು ನನ್ನ ಮುಂದೆ ಹಿಡಿದ.

"ಕುಡಿ. ಸ್ವಲ್ಪ ಉಪ್ಪು ಉಂಟು."

ಕುಡಿದೆ. ಉಪ್ಪಿತ್ತು. ಇನ್ನೊಂದು ಲೋಟ ಕೇಳಿದೆ.